ನಿಮಗಿದು ಗೊತ್ತೇ? ಬಿಸಿಲ ನಾಡಿನ ಹಾಕಿ, ಅದರ ಅಭಿಮಾನಿಗಳು

ರೋಣ, ನರಗುಂದ, ಗಜೇಂದ್ರಗಡದ ಎರೆ ಸೀಮೆಯಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿಯ ಆಸುಪಾಸು. ಇದಕ್ಕೂ ಹೆಚ್ಚು ಸುಡುವ ಅಮೆರಿಕದ ಅರಿಝೋನಾದಲ್ಲಿ ಐಸ್ ಹಾಕಿ ತಂಡವೊಂದಿತ್ತು, ಗೊತ್ತೇ? ಹಿಮದ ಊರು ವಿನಿಪೆಗ್‌ನಿಂದ 1996ರಲ್ಲಿ ಬಂದ ಕಯೋಟೀಸ್ ತಂಡ ಕೊನೆಯ ಎರಡು ಸೀಸನ್‌ಗಳನ್ನು ವಿಶ್ವವಿದ್ಯಾಲಯವೊಂದರ ಪುಟ್ಟ ಕ್ರೀಡಾಂಗಣದಲ್ಲಿ ಆಡಿತು. 2024ರಲ್ಲಿ ಸಾಲ್ಟ್ ಲೇಕ್ ಸಿಟಿಗೆ ಗಂಟುಮೂಟೆ ಕಟ್ಟಿತು.

ಅಮೆರಿಕದ್ದೇ ಆದ ಅಟ್ಲಾಂಟಾ ನಗರವಂತೂ 1980ರಲ್ಲಿ ಒಂದು, 2011ರಲ್ಲಿ ಇನ್ನೊಂದು, ಹೀಗೆ ಎರಡು ಐಸ್ ಹಾಕಿ ತಂಡಗಳನ್ನು ಕೆನಡಾಕ್ಕೆ ಬಿಟ್ಟುಕೊಟ್ಟಿತು.

ಹಾಗಾದರೆ ತಂಡಗಳು ಊರು ಬಿಡಲು ಬಿಸಿಲೇ ಕಾರಣವೇ? ಅಲ್ಲ. ಬಿಸಿಲಿಗೇ ಹೆಸರಾದ ಫ್ಲಾರಿಡಾವನ್ನು ನೋಡಿ. 1995ರಲ್ಲಿ ಅಲ್ಲಿನ ಐಸ್ ಹಾಕಿ ತಂಡ ಫ್ಲಾರಿಡಾ ಪ್ಯಾಂಥರ್ಸ್‌ನ ಸ್ಕಾಟ್ ಮೆಲ್ಲನ್‌ಬಿ ಡ್ರೆಸ್ಸಿಂಗ್ ರೂಮಿಗೆ ನುಗ್ಗಿದ ಇಲಿಯನ್ನು ಹಾಕಿ ಕೋಲಿನಿಂದಲೇ ಹೊಡೆದು ಕೊಂದರು. ಅದೇ ರಾತ್ರಿ ಎರಡು ಗೋಲು ಬಾರಿಸಿದರು. ಸುದ್ದಿ ಹಬ್ಬಿತು. ಮುಂದೆ ತಂಡ ಗೋಲು ಹೊಡೆದಾಗಲೆಲ್ಲ ಪ್ರೇಕ್ಷಕರು ಪ್ಲಾಸ್ಟಿಕ್ ಇಲಿಗಳನ್ನು ಮಂಜುಗಡ್ಡೆಯ ಅಂಗಳಕ್ಕೆ ಎಸೆಯತೊಡಗಿದರು. ಇಲಿಗಳನ್ನು ಗುಡಿಸಿ ತೆಗೆಯುವವರೆಗೆ ಆಟ ನಿಲ್ಲುತ್ತಿತ್ತು. ಕೊನೆಗೆ ಅದನ್ನು ತಡೆಯಲು ಐಸ್ ಹಾಕಿ ಲೀಗ್ ತನ್ನ ನಿಯಮವನ್ನೇ ಬಿಗಿ ಮಾಡಬೇಕಾಯಿತು! ಅದೇ ತಂಡ 2024 ಮತ್ತು 2025ರಲ್ಲಿ ಸತತವಾಗಿ ಆ ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಊರಿನವರಿಗೆ ತಮ್ಮದೇ ಒಂದು ಕಥೆ ಸಿಕ್ಕರೆ ಸಾಕು, ತಂಡ ಅವರದ್ದಾಗುತ್ತದೆ.

ಅಲ್ಲಿಯದು ಐಸ್ ಹಾಕಿ, ನಮ್ಮದು ಮೈದಾನದ ಹಾಕಿ; ಆದರೂ ಈ ಮಾತಿಗೆ ನಮ್ಮಲ್ಲಿ ದೊಡ್ಡ ಸಾಕ್ಷಿ ಕೊಡಗು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡ ಗ್ರಾಮದಲ್ಲಿ ಕೊಡವ ಹಾಕಿ ಉತ್ಸವ ಆರಂಭಿಸಿದಾಗ 60 ಮನೆತನಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ ಬಂದದ್ದು 360 ತಂಡಗಳು. ಗಿನ್ನೆಸ್ ದಾಖಲೆಯೂ ಆಯಿತು. ಈ ಉತ್ಸವ ನಡೆಯುವುದೂ ಬೇಸಿಗೆಯಲ್ಲೇ. ತಂಡಕ್ಕೆ ಮನೆತನದ ಹೆಸರು, ಪ್ರತಿ ವರ್ಷ ಒಂದೊಂದು ಮನೆತನದ ಆತಿಥ್ಯ, ಒಂದೇ ತಂಡದಲ್ಲಿ ಹೆಂಗಸರು ಗಂಡಸರು ಇಬ್ಬರೂ. ನೋಡಲು ಬಂದವರಲ್ಲಿ ಅನೇಕರು ಆಡುವವರ ನೆಂಟರೇ ಆಗಿರುವಾಗ ಅಭಿಮಾನಿಗಳನ್ನು ಹುಡುಕಬೇಕೇ?

ಆದರೆ ಕೊಡಗು ಇರುವ ಇದೇ ರಾಜ್ಯದಿಂದ, 2012ರ ವರ್ಲ್ಡ್ ಸೀರೀಸ್ ಹಾಕಿ ಲೀಗ್‌ಗೆ ಅರ್ಜುನ್ ಹಾಲಪ್ಪ ನಾಯಕತ್ವದ ಕರ್ನಾಟಕ ಲಯನ್ಸ್ ಕಣಕ್ಕಿಳಿಯಿತು. ಲೀಗ್ ಒಂದೇ ಸೀಸನ್‌ಗೆ ನಿಂತುಹೋಯಿತು. ತಂಡ ಎರಡನೇ ವರ್ಷ ಬಾರದಿದ್ದರೆ ಮಕ್ಕಳು ಯಾರ ಜೆರ್ಸಿ ತೊಡಬೇಕು?

ಆಟಗಾರನನ್ನು ‘ನಮ್ಮವ’ ಎನ್ನುವ ನಂಟು ನಮ್ಮ ಗದಗ ಜಿಲ್ಲೆಯವರಿಗೆ ಹೊಸದೇನಲ್ಲ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಬರೀ 6 ರನ್‌ಗೆ 5 ವಿಕೆಟ್ ಕಿತ್ತ ಕ್ರಿಕೆಟಿಗ ಸುನೀಲ್ ಜೋಶಿ ಹುಟ್ಟಿದ್ದು ಗದಗದಲ್ಲೇ. ಕ್ರಿಕೆಟ್ಟಿಗೆ ಸಿಕ್ಕ ಆ ‘ನಮ್ಮವ’ ಹಾಕಿಗೂ ಬೇಕು.

ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎಸ್.ವಿ. ಸುನಿಲ್ ಅವರಂಥ ಆಟಗಾರರನ್ನು ದೇಶಕ್ಕೆ ಕೊಟ್ಟ ರಾಜ್ಯ ನಮ್ಮದು. ಆದರೆ 2024ರ ಡಿಸೆಂಬರಿನಲ್ಲಿ ಹಾಕಿ ಇಂಡಿಯಾ ಲೀಗ್ ಮತ್ತೆ ಶುರುವಾದಾಗ ತಮಿಳುನಾಡಿಗೆ ತಂಡವಿತ್ತು, ಹೈದರಾಬಾದಿಗೂ ಇತ್ತು; ಕರ್ನಾಟಕಕ್ಕೆ ಇರಲಿಲ್ಲ.