ರಸ್ತೆ ನಮ್ಮೂರಿಂದು, ಡೇಟಾ ಯಾರದ್ದು?

ಕಳೆದ ಮಳೆಗಾಲದಲ್ಲಿ ಊರಲ್ಲಿ ಅಜ್ಜಿಗೆ ಹುಷಾರಿಲ್ಲದೆ ಆಂಬುಲೆನ್ಸ್ ಕರೆಸಿದ್ದರು. ಫೋನಿನ ಮ್ಯಾಪ್ ನಂಬಿಕೊಂಡು ಬಂದ ಡ್ರೈವರ್ ಬಸ್ ಸ್ಟಾಪಿನ ಹತ್ತಿರವೇ ನಿಂತುಬಿಟ್ಟರು. ಅಲ್ಲಿಂದ ನಮ್ಮ ಕೇರಿಗೆ ಡಾಂಬರು ರಸ್ತೆಯಾಗಿ ನಾಲ್ಕು ವರ್ಷ ಆಗಿದೆ, ಮ್ಯಾಪಿನಲ್ಲಿ ಮಾತ್ರ ಬರೀ ಖಾಲಿ ಜಾಗ. ಕೊನೆಗೆ ಅಪ್ಪ ಬೈಕಿನಲ್ಲಿ ಹೋಗಿ ದಾರಿ ತೋರಿಸಿಕೊಂಡು ಬಂದರು. ಅಜ್ಜಿ ಈಗ ಆರಾಮಾಗಿದ್ದಾರೆ. ನನ್ನ ತಲೆಯಲ್ಲಿ ಮಾತ್ರ ಹುಳ ಹೊಕ್ಕಿತು.

2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಿಮಗೆ ಗೊತ್ತಿರಬಹುದು. ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ಸೇರಿಸಿ, ತಿದ್ದಬಹುದಾದ ನಕ್ಷೆ ಅದು. ಒಂದು ಇಲಾಖೆಯ ವೆಬ್‌ಸೈಟಿನಲ್ಲಿ ನಮ್ಮ ತಾಲ್ಲೂಕಿನ ರಸ್ತೆಗಳ ಫೈಲ್ ಸಿಕ್ಕಿತು. ರಾತ್ರಿ ಕೂತು ಸ್ಕ್ರಿಪ್ಟ್ ಬರೆದೆ. ಅಪ್‌ಲೋಡ್ ಮಾಡುವ ಮೊದಲು ಹಳೆಯ ಮ್ಯಾಪರ್ ಒಬ್ಬರಿಗೆ ತೋರಿಸಿದೆ.

‘ಲೈಸೆನ್ಸ್ ಏನು?’ ಅಂತ ಒಂದೇ ಪ್ರಶ್ನೆ ಕೇಳಿದರು.

‘ಸರ್ಕಾರದ್ದಲ್ವಾ ಸರ್, ನಮ್ಮ ತೆರಿಗೆ ದುಡ್ಡಲ್ಲಿ ಮಾಡಿದ್ದು’ ಅಂದೆ.

‘ಆ ಪುಟದ ಕೊನೆಯ ಸಾಲು ಓದಿ.’

ಓದಿದೆ. ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಅಂತಿತ್ತು.

ಉಚಿತ ಬೇರೆ, ಮುಕ್ತ ಬೇರೆ

ನಾನು ಎಡವಿದ್ದು ಇಲ್ಲೇ. ಡೌನ್‌ಲೋಡ್ ಆಗುತ್ತದೆ ಅಂದಮಾತ್ರಕ್ಕೆ ಹಂಚುವ ಹಕ್ಕು ಬರುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸರ್ಕಾರದ ಕೃತಿಗಳಿಗೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿನ ಕಾಯ್ದೆಯಲ್ಲಿ ಫೆಡರಲ್ ಸರ್ಕಾರದ ಕೃತಿಗಳಿಗೆ ಹಕ್ಕುಸ್ವಾಮ್ಯವೇ ಇಲ್ಲ. ಅದಕ್ಕೇ ಅಲ್ಲಿನ ಜನಗಣತಿ ಇಲಾಖೆಯ ‘ಟೈಗರ್’ ರಸ್ತೆ ಡೇಟಾವನ್ನು 2007-08ರಲ್ಲಿ ಇಡಿಯಾಗಿ ಈ ನಕ್ಷೆಗೆ ತುಂಬಲು ಸಾಧ್ಯವಾಯ್ತು. ಅದರಲ್ಲಿದ್ದ ತಪ್ಪುಗಳನ್ನು ತಿದ್ದಲು ಆಮೇಲೆ ವರ್ಷಗಳೇ ಹಿಡಿದವು ಅನ್ನುವುದು ಬೇರೆ ಮಾತು.

ನಮ್ಮಲ್ಲೂ ಬಾಗಿಲು ತೆರೆದಿದೆ. 2017ರಲ್ಲಿ ಕೇಂದ್ರ ಸರ್ಕಾರ ತನ್ನದೇ ಮುಕ್ತ ಡೇಟಾ ಲೈಸೆನ್ಸ್ ತಂದಿತು. ಅದರಡಿ ಬಿಡುಗಡೆಯಾದ ಡೇಟಾವನ್ನು ವ್ಯಾಪಾರಕ್ಕೂ ಬಳಸಬಹುದು. ಆದರೆ ಮೂಲ ಯಾವುದೆಂದು ಹೇಳಬೇಕು, ಸರ್ಕಾರವೇ ನಮ್ಮನ್ನು ಅನುಮೋದಿಸಿದೆ ಅನ್ನುವಂತೆ ತೋರಿಸಬಾರದು. ಗ್ರಾಮ ಸಡಕ್ ಯೋಜನೆಯ ಗ್ರಾಮೀಣ ರಸ್ತೆಗಳ ನಕ್ಷೆ ಡೇಟಾ 2022ರಲ್ಲಿ ಸಾರ್ವಜನಿಕರಿಗೆ ಸಿಕ್ಕಿತು.

ಇಷ್ಟಕ್ಕೇ ಮುಗಿಯಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ 2012ರಿಂದ ‘ಓಡಿಬಿಎಲ್’ ಅನ್ನುವ ಲೈಸೆನ್ಸಿನಲ್ಲಿ ಡೇಟಾ ಹಂಚುತ್ತದೆ. ಅಂದರೆ ನಾವು ಹಾಕಿದ್ದು ಇನ್ನೊಬ್ಬರ ಆ್ಯಪ್‌ಗೂ ಹೋಗುತ್ತದೆ. ಮೂಲ ಲೈಸೆನ್ಸ್ ಅದಕ್ಕೂ ಒಪ್ಪಬೇಕು. ಧಾರಾಳವಾಗಿ ಕಾಣುವ ‘ಸಿಸಿ ಬೈ 4.0’ ಇದ್ದರೂ ಡೇಟಾ ಮಾಲೀಕರಿಂದ ಪ್ರತ್ಯೇಕ ಅನುಮತಿ ಕೇಳುತ್ತಾರೆ. ಹೊಂದದ ಡೇಟಾ ಹಾಕಿದರೆ ಅದನ್ನು ಕಿತ್ತುಹಾಕುತ್ತಾರೆ. ಅದರ ಮೇಲೆ ಬೇರೆಯವರು ತಿಂಗಳುಗಟ್ಟಲೆ ಮಾಡಿದ ಕೆಲಸವೂ ಜೊತೆಗೆ ಹೋಗಬಹುದು.

ಹಾಗಾದರೆ ಏನು ಮಾಡೋದು?

ಮೊದಲು ಲೈಸೆನ್ಸ್ ಹೆಸರು ಹುಡುಕಿ. ಬರೆದಿಲ್ಲ ಅಂದರೆ ‘ಇಲ್ಲ’ ಅಂತಲೇ ತಿಳಿದುಕೊಳ್ಳಿ, ಇಲಾಖೆಗೆ ಬರೆದು ಲಿಖಿತ ಅನುಮತಿ ಕೇಳಿ. ದೊಡ್ಡ ಫೈಲ್ ಆದರೆ ಮ್ಯಾಪರ್‌ಗಳ ಜೊತೆ ಮೊದಲೇ ಚರ್ಚಿಸಿ. ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವುದಂತೂ ಬೇಡವೇ ಬೇಡ.

ನನ್ನ ಸ್ಕ್ರಿಪ್ಟ್ ಇನ್ನೂ ಲ್ಯಾಪ್‌ಟಾಪಿನಲ್ಲೇ ಇದೆ. ಇಲಾಖೆಗೆ ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ. ಕಾಯುತ್ತಾ ಕೂರಲಿಲ್ಲ. ದಸರಾ ರಜೆಗೆ ಊರಿಗೆ ಹೋದಾಗ ಜಿಪಿಎಸ್ ಆನ್ ಮಾಡಿಕೊಂಡು ಅಪ್ಪನ ಬೈಕಿನಲ್ಲಿ ಆ ರಸ್ತೆಯ ಉದ್ದಕ್ಕೂ ಓಡಾಡಿದೆ. ಹಿಂದೆ ಕೂತ ಅಪ್ಪ ಪ್ರತಿ ತಿರುವಿನ ಹೆಸರು ಹೇಳಿದರು. ಆ ರಸ್ತೆ ಈಗ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿದೆ. ಎರಡೇ ಕಿಲೋಮೀಟರ್, ನಿಜ. ಆದರೆ ಅದನ್ನು ಯಾರೂ ಅಳಿಸುವ ಹಾಗಿಲ್ಲ, ಯಾಕೆಂದರೆ ಅದರ ಡೇಟಾ ನಮ್ಮದೇ.