ಮಕ್ಕಳು ಕಡಿಮೆ ಅಂತ ಟೀಚರ್ ಇಲ್ಲ, ಟೀಚರ್ ಇಲ್ಲ ಅಂತ ಮಕ್ಕಳಿಲ್ಲ: ವಿಶೇಷ ಶಾಲೆಯ ಲೆಕ್ಕ ಎಲ್ಲಿ ತಪ್ತಿದೆ?

ಕುಮಟಾ: ಜೂನ್ ಬಂತಂದ್ರೆ ಸಂತೆಗುಳಿ ಕಡೆಯ ರಸ್ತೆಯಲ್ಲಿ ಕೊಡೆ ಹಿಡಿದು, ಬ್ಯಾಗು ಹೊತ್ತು ಹೋಗುವ ಮಕ್ಕಳ ಸಾಲು ಕಾಣ್ತದೆ. ಆ ಸಾಲಿನಲ್ಲಿ ಇಲ್ಲದ ಒಬ್ಬ ಹುಡುಗನನ್ನು ಉದಾಹರಣೆಗೆ ಇಟ್ಕೊಳ್ಳಿ. ವಯಸ್ಸು ಒಂಬತ್ತು. ಮಾತು ಸರಿಯಾಗಿ ಬರೋದಿಲ್ಲ, ತನ್ನಷ್ಟಕ್ಕೆ ತಾನೇ ಊಟ ಮಾಡೋದೂ ಕಷ್ಟ. ಅಕ್ಕ ಶಾಲೆಗೆ ಹೊರಟಾಗ ಅವನೂ ಅಂಗಳದ ತನಕ ಬರ್ತಾನೆ. ಅಲ್ಲಿಂದ ಆಯಿ ಒಳಗೆ ಕರ್ಕೊಂಡು ಹೋಗ್ತಾಳೆ.

ಅವನ ಹೆಸರು ಊರ ಶಾಲೆಯ ಹಾಜರಿ ಪುಸ್ತಕದಲ್ಲಿ ಇರಬಹುದು. ಅವನು ಮಾತ್ರ ಮನೆಯಲ್ಲಿ.

ಇಂಥ ಮಕ್ಕಳಿಗಾಗಿಯೇ ಇರೋದು ವಿಶೇಷ ಶಾಲೆ. ಆದರೆ ಸಣ್ಣ ವಿಶೇಷ ಶಾಲೆಗಳನ್ನು ಕೇಳಿದರೆ ಬರುವ ಉತ್ತರ ಒಂದೇ: ದಾಖಲಾತಿ ಕಡಿಮೆ, ಸಿಬ್ಬಂದಿಯೂ ಕಡಿಮೆ. ಮಕ್ಕಳಿದ್ದಾರೆ, ಶಾಲೆಯೂ ಇದೆ, ಆದರೂ ಎರಡೂ ಸೇರ್ತಾ ಇಲ್ಲ. ಯಾಕೆ?

ಕಾನೂನು ಏನು ಹೇಳ್ತದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 1995ರ ಹಳೆ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಇದರಲ್ಲಿ 21. ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ 6ರಿಂದ 18 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣದ ಹಕ್ಕಿದೆ. ಅದು ಹತ್ತಿರದ ಸಾಮಾನ್ಯ ಶಾಲೆಯಲ್ಲೋ, ವಿಶೇಷ ಶಾಲೆಯಲ್ಲೋ ಅನ್ನೋದನ್ನು ಮನೆಯವರು ಆರಿಸಬಹುದು. ತೀವ್ರ ಮತ್ತು ಬಹುವಿಧ ವೈಕಲ್ಯ ಇರುವ ಮಕ್ಕಳು ಮನೆಯಲ್ಲೇ ಕಲಿಯುವ ದಾರಿಯನ್ನು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ತೆರೆದಿಟ್ಟಿದೆ. ಇದಕ್ಕೆ ಗೃಹಾಧಾರಿತ ಶಿಕ್ಷಣ ಅಂತ ಹೆಸರು.

ಅಂದರೆ ಕಾಗದದ ಮೇಲೆ ಮೂರು ದಾರಿ ಇದೆ. ಸಂತೆಗುಳಿಯಂಥ ಊರಿನಿಂದ ನೋಡಿದ್ರೆ ಮೂರೂ ದಾರಿ ಅಷ್ಟು ಸಲೀಸಲ್ಲ.

ಅಂಧ ಮತ್ತು ಶ್ರವಣದೋಷವುಳ್ಳ ಮಕ್ಕಳಿಗಾಗಿ ರಾಜ್ಯ ಸರ್ಕಾರವೇ ನಡೆಸುವ ವಸತಿ ಶಾಲೆಗಳಿರೋದು ಮೈಸೂರು, ಕಲಬುರಗಿ, ಬೆಳಗಾವಿ, ಬಳ್ಳಾರಿ, ಹುಬ್ಬಳ್ಳಿ ಮತ್ತು ದಾವಣಗೆರೆಯಲ್ಲಿ. ಉತ್ತರ ಕನ್ನಡ ಆ ಪಟ್ಟಿಯಲ್ಲಿಲ್ಲ. ಈ ಜಿಲ್ಲೆಯಲ್ಲಿ ಕೆಲಸ ಮಾಡ್ತಿರೋದು ಸಂಸ್ಥೆ, ಟ್ರಸ್ಟುಗಳು ನಡೆಸುವ ಶಾಲೆಗಳು. ಕಾರವಾರದ ಆಶಾನಿಕೇತನ, ಶಿರಸಿಯ ಅಜಿತ ಮನೋಚೇತನ ಜನರಿಗೆ ಗೊತ್ತಿರುವ ಹೆಸರುಗಳು. ಆದರೆ ಸಂತೆಗುಳಿಯಿಂದ ಶಿರಸಿಗೆ ಅಂದ್ರೆ ದೇವಿಮನೆ ಘಟ್ಟ ಹತ್ತಬೇಕು, ಕಾರವಾರಕ್ಕೆ ಅಂದ್ರೆ ಅಂಕೋಲಾ ದಾಟಬೇಕು. ಒಂಬತ್ತು ವರ್ಷದ ಮಗುವಿಗೆ ದಿನಾ ಆಗುವ ಪ್ರಯಾಣ ಅದಲ್ಲ.

ಒಬ್ಬ ಟೀಚರಿಗೆ ಎಷ್ಟು ಮಕ್ಕಳು?

ಸಾಮಾನ್ಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳ್ತದೆ. ವಿಶೇಷ ಮಕ್ಕಳಿಗೆ ಈ ಲೆಕ್ಕ ನಡೆಯೋದಿಲ್ಲ.

ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 28ರಂದು ತೀರ್ಪು ಕೊಟ್ಟಿತು. ಕೇಂದ್ರ ಸರ್ಕಾರ ಸ್ವಂತ ನಿಯಮ ಮಾಡುವವರೆಗೆ ತಾತ್ಕಾಲಿಕವಾಗಿ ಒಂದು ಪ್ರಮಾಣವನ್ನೂ ಹೇಳಿತು. ಸೆರೆಬ್ರಲ್ ಪಾಲ್ಸಿ ಇರುವ 8 ಮಕ್ಕಳಿಗೆ ಒಬ್ಬರು. ಬುದ್ಧಿಮಾಂದ್ಯ, ಆಟಿಸಂ ಅಥವಾ ಕಲಿಕಾ ನ್ಯೂನತೆ ಇರುವ 5 ಮಕ್ಕಳಿಗೆ ಒಬ್ಬರು. ಕಣ್ಣು, ಕಿವಿ ಎರಡೂ ಇಲ್ಲದ ಅಥವಾ ಒಂದಕ್ಕಿಂತ ಹೆಚ್ಚು ವೈಕಲ್ಯ ಇರುವ 2 ಮಕ್ಕಳಿಗೆ ಒಬ್ಬರು.

2022ರ ಜೂನ್ 10ರಂದು ಕೇಂದ್ರ ಶಿಕ್ಷಣ ಸಚಿವಾಲಯ ಸಾಮಾನ್ಯ ಶಾಲೆಗಳಿಗೆ ಅಧಿಸೂಚನೆ ಹೊರಡಿಸಿತು. 1ರಿಂದ 5ನೇ ತರಗತಿಯಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, 6ರಿಂದ 8ರಲ್ಲಿ 15 ಮಕ್ಕಳಿಗೆ ಒಬ್ಬರು.

ಕೋರ್ಟ್ ಹೇಳಿದ ಪ್ರಮಾಣವನ್ನೇ 30 ಮಕ್ಕಳ ಒಂದು ಸಣ್ಣ ವಿಶೇಷ ಶಾಲೆಗೆ ಹಾಕಿ ನೋಡಿ. ಬುದ್ಧಿಮಾಂದ್ಯ, ಆಟಿಸಂ ಇರುವವರು 20 ಅಂದ್ರೆ 4 ಶಿಕ್ಷಕರು ಬೇಕು. ಸೆರೆಬ್ರಲ್ ಪಾಲ್ಸಿಯ 8 ಮಕ್ಕಳಿಗೆ ಒಬ್ಬರು. ಬಹುವಿಧ ವೈಕಲ್ಯದ ಇಬ್ಬರಿಗೆ ಇನ್ನೊಬ್ಬರು. ಒಟ್ಟು 6 ಜನ. ಇದರ ಮೇಲೆ ಕೈಕಾಲು ವ್ಯಾಯಾಮಕ್ಕೆ ಫಿಸಿಯೋಥೆರಪಿಸ್ಟ್, ಮಾತಿನ ತರಬೇತಿಗೆ ಸ್ಪೀಚ್ ಥೆರಪಿಸ್ಟ್, ಶೌಚಕ್ಕೆ ಕರ್ಕೊಂಡು ಹೋಗೋ ಆಯಾ, ಅಡುಗೆಯವರು, ವ್ಯಾನ್ ಡ್ರೈವರ್.

"30 ಮಕ್ಕಳಿಗೆ ಇಷ್ಟೊಂದು ಜನ ಯಾಕೆ?" ಅಂತ ಕೇಳೋರಿದ್ದಾರೆ. ಕ್ಲಾಸಿನ ಒಳಗೆ ನಿಂತು ನೋಡಿದ್ರೆ ಗೊತ್ತಾಗ್ತದೆ. ಅಲ್ಲಿ ಎಲ್ಲರಿಗೂ ಒಂದೇ ಪಾಠ ಇರೋದಿಲ್ಲ. ಪ್ರತಿ ಮಗುವಿಗೂ ಬೇರೆ ವೈಯಕ್ತಿಕ ಶಿಕ್ಷಣ ಯೋಜನೆ ಬರೀಬೇಕು. ಒಬ್ಬನಿಗೆ ಈ ತಿಂಗಳ ಪಾಠ ಅಂಗಿಯ ಗುಂಡಿ ಹಾಕೋದು, ಇನ್ನೊಬ್ಬಳಿಗೆ ಹತ್ತು ರೂಪಾಯಿ ನೋಟು ಗುರುತಿಸೋದು. ಆರು ವರ್ಷದ ಮಗುವೂ, ಹದಿನೇಳರ ಹುಡುಗನೂ ಒಂದೇ ಸೂರಿನ ಕೆಳಗೆ ಇರ್ತಾರೆ.

ಸಂಬಳ ಎಲ್ಲಿಂದ ಬರ್ತದೆ?

ಲೆಕ್ಕ ತಪ್ಪೋದು ಇಲ್ಲಿ.

ಸರ್ಕಾರದ ಹಣ ವಿಶೇಷ ಶಾಲೆಗೆ ಮುಖ್ಯವಾಗಿ ಮೂರು ದಾರಿಯಲ್ಲಿ ಬರ್ತದೆ. ಕೆಲವು ಹಳೆ ಸಂಸ್ಥೆಗಳಿಗೆ ರಾಜ್ಯದ ಅನುದಾನ ಸಂಹಿತೆಯಂತೆ ಸಿಬ್ಬಂದಿ ವೇತನ ಸಿಗ್ತದೆ. ಕೆಲವಕ್ಕೆ ಕೇಂದ್ರದ ದೀನದಯಾಳ್ ಪುನರ್ವಸತಿ ಯೋಜನೆಯ ಹಣ. ಮೂರನೆಯದು ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಶಿಶು ಕೇಂದ್ರಿತ ಯೋಜನೆ. ಹೆಸರೇ ಹೇಳುವಂತೆ ಇಲ್ಲಿ ಹಣ ಮಗುವಿನ ತಲೆ ಲೆಕ್ಕದಲ್ಲಿ ಬರ್ತದೆ. ಟೀಚರ್ ಗೌರವಧನ, ಬಾಡಿಗೆ, ಊಟ ಎಲ್ಲ ಅದರಲ್ಲೇ ಆಗಬೇಕು.

ತಲೆ ಲೆಕ್ಕ ನ್ಯಾಯವಾಗಿಯೇ ಕಾಣ್ತದೆ. ಇಲ್ಲದ ಮಕ್ಕಳ ಹೆಸರಲ್ಲಿ ಹಣ ಹೋಗಬಾರದಲ್ಲ! ಆದರೆ ಸಣ್ಣ ಶಾಲೆಗೆ ಪೆಟ್ಟು ಬೀಳೋದೂ ಇದರಿಂದಲೇ. ಮೇಲಿನ 30 ಮಕ್ಕಳ ಶಾಲೆಯಲ್ಲಿ 5 ಮಕ್ಕಳು ಬಿಟ್ರು ಅಂತ ಇಟ್ಕೊಳ್ಳಿ. ಆದಾಯದಲ್ಲಿ ಆರನೇ ಒಂದು ಪಾಲು ಹೋಯ್ತು. ಕಟ್ಟಡದ ಬಾಡಿಗೆ ಕಡಿಮೆ ಆಗೋದಿಲ್ಲ, ವ್ಯಾನಿನ ಡೀಸೆಲ್ಲೂ ಅಷ್ಟೇ. ಕಡಿತ ಆಗೋದು ಒಬ್ಬ ಟೀಚರ್. ಟೀಚರ್ ಹೋದ್ರೆ ಉಳಿದವರ ಮೇಲೆ ಹೊರೆ ಬೀಳ್ತದೆ, ಮಗುವಿಗೆ ಸಿಗುವ ಹೊತ್ತು ಕಡಿಮೆ ಆಗ್ತದೆ. ಒಂದು ವರ್ಷ ಕಳೆದರೂ ಮಗು ಏನೂ ಕಲಿಯಲಿಲ್ಲ ಅನಿಸಿದ್ರೆ ಮನೆಯವರು ಕಳಿಸೋದು ಬಿಡ್ತಾರೆ. ಮತ್ತೆ ಸಂಖ್ಯೆ ಇಳೀತದೆ.

ಅನುದಾನ ತಿಂಗಳಿಗೆ ಸರಿಯಾಗಿ ಬರದಿದ್ದರೆ ಕಥೆ ಇನ್ನೂ ಬೇರೆ. ಶಾಲೆ ದಾನಿಗಳ ಬಾಗಿಲು ಬಡೀಬೇಕು, ಇಲ್ಲಾ ಟೀಚರ್‌ಗೆ "ಮುಂದಿನ ತಿಂಗಳು" ಅನ್ನಬೇಕು.

ಟೀಚರ್ ಯಾಕೆ ಸಿಗೋದಿಲ್ಲ?

ಬಿ.ಎಡ್. ಮಾಡಿದವರೆಲ್ಲ ವಿಶೇಷ ಶಿಕ್ಷಕರಾಗಲು ಆಗೋದಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ವಿಶೇಷ ಶಿಕ್ಷಣದ ಡಿ.ಎಡ್. ಅಥವಾ ಬಿ.ಎಡ್. ಬೇಕು, ಪರಿಷತ್ತಿನಲ್ಲಿ ಹೆಸರು ನೋಂದಣಿ ಆಗಿರಬೇಕು. ನೋಂದಣಿ ಇಲ್ಲದೆ ಕೆಲಸ ಮಾಡಿದ್ರೆ ಶಿಕ್ಷೆ ಇದೆ ಅಂತ 1992ರ ಕಾಯ್ದೆಯಲ್ಲೇ ಬರೆದಿದೆ. ಡಿ.ಎಡ್. ಎರಡು ವರ್ಷದ ಕೋರ್ಸು. ಅದರಲ್ಲೂ ಬುದ್ಧಿಮಾಂದ್ಯ, ಶ್ರವಣದೋಷ, ದೃಷ್ಟಿದೋಷ ಅಂತ ಬೇರೆ ಬೇರೆ ವಿಭಾಗಗಳಿವೆ.

ಕುಮಟಾದಲ್ಲಿ ಡಯಟ್ ಇದೆ, ಆದರೆ ಸಾಮಾನ್ಯ ಶಿಕ್ಷಕರ ತರಬೇತಿಯೇ ಅದರ ಮುಖ್ಯ ಕೆಲಸ. ಶ್ರವಣದೋಷದ ವಿಭಾಗಕ್ಕೆ ಮೈಸೂರಿನ ಆಯಿಷ್‌ನಂಥ ಸಂಸ್ಥೆಗೆ ಹೋಗಬೇಕು. ಎರಡು ವರ್ಷ ಹೊರಗಿದ್ದು ಕಲಿತು ಬಂದವರಿಗೆ ಊರಲ್ಲಿ ಸಿಗೋದು ಗೌರವಧನ, ಅದೂ ಮಕ್ಕಳ ಸಂಖ್ಯೆ ಮೇಲೆ ನಿಂತದ್ದು. ಮಂಗಳೂರಲ್ಲೋ ಬೆಂಗಳೂರಲ್ಲೋ ಕೆಲಸ ಸಿಕ್ಕಿದ್ರೆ ಹೋಗ್ತಾರೆ. ಅವರನ್ನು ದೂರುವ ಹಾಗಿಲ್ಲ.

ಸರ್ಕಾರಿ ಸಾಮಾನ್ಯ ಶಾಲೆಗಳಿಗೆ ಬಿ.ಐ.ಇ.ಆರ್.ಟಿ. ಅಂತ ಕರೆಯುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರು ಇರೋದು ಶಾಲೆಗೊಬ್ಬರಲ್ಲ, ಇಡೀ ತಾಲೂಕಿಗೆ ಬೆರಳೆಣಿಕೆಯಷ್ಟು. ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆಗೂ ಅವರೇ ಹೋಗಬೇಕು. ಘಟ್ಟದ ಬುಡದ ಹಳ್ಳಿಯಿಂದ ಕಡಲ ತಡಿಯ ತನಕ ಹರಡಿರುವ ತಾಲೂಕಿನಲ್ಲಿ ಒಂದು ಮನೆಗೆ ವಾರಕ್ಕೊಮ್ಮೆ ಹೋಗೋದೂ ಸುಲಭವಲ್ಲ.

2025ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಇದೇ ಪ್ರಕರಣದಲ್ಲಿ ರಾಜ್ಯಗಳಿಗೆ ಮತ್ತೆ ಹೇಳಿದೆ: ವಿಶೇಷ ಶಿಕ್ಷಕರ ಹುದ್ದೆ ಎಷ್ಟು ಬೇಕು ಅಂತ ಮಂಜೂರು ಮಾಡಿ, ಕಾಯಂ ನೇಮಕ ಮಾಡಿ. ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿದ ಅರ್ಹರನ್ನು ಪರಿಶೀಲನಾ ಸಮಿತಿ ಮೂಲಕ ಪರಿಗಣಿಸಿ ಅಂತಲೂ ಸೂಚಿಸಿದೆ. ಈ ಆದೇಶ ಸಾಮಾನ್ಯ ಶಾಲೆಗಳ ಹುದ್ದೆಗೆ ಸಂಬಂಧಿಸಿದ್ದು. ಅಲ್ಲಿ ಕಾಯಂ ಕೆಲಸ ಸಿಕ್ಕಿದ್ರೆ ಸಂಸ್ಥೆಗಳ ಸಣ್ಣ ಶಾಲೆಯ ಟೀಚರ್‌ಗಳೂ ಆ ಕಡೆ ಹೋಗಬಹುದು. ಹಾಗಾಗಿ ಗೌರವಧನದ ಪ್ರಶ್ನೆ ಬಗೆಹರಿಯದಿದ್ದರೆ ಒಂದು ಕಡೆ ತುಂಬಿ ಇನ್ನೊಂದು ಕಡೆ ಖಾಲಿ ಆಗ್ತದೆ.

ಮಕ್ಕಳು ಯಾಕೆ ಬರೋದಿಲ್ಲ?

ಮೊದಲನೆಯದು ಕಾರ್ಡು. ಅನುದಾನದ ಲೆಕ್ಕಕ್ಕೆ ಮಗುವಿನ ವೈಕಲ್ಯ ಪ್ರಮಾಣಪತ್ರ ಬೇಕು, ಈಗ ಅದು ಯುಡಿಐಡಿ ಮೂಲಕ. ಆನ್‌ಲೈನ್ ಅರ್ಜಿ ಹಾಕಿ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಕೈಕಾಲಿನ ತೊಂದರೆ ಕಣ್ಣಿಗೆ ಕಾಣ್ತದೆ. ಬುದ್ಧಿಮಾಂದ್ಯ, ಆಟಿಸಂ ಹಾಗಲ್ಲ. ಮನಶ್ಶಾಸ್ತ್ರಜ್ಞರು ಕೂತು ಪರೀಕ್ಷೆ ಮಾಡಬೇಕು. ಇದಕ್ಕೆ ಕಾರವಾರದ ಕ್ರಿಮ್ಸ್‌ಗೆ ಹೋಗಬೇಕಾಗಿ ಬಂದ್ರೆ ಕೂಲಿ ಮಾಡೋ ಮನೆಗೆ ಒಂದು ದಿನದ ದುಡಿಮೆ ಹೋಯ್ತು. ಎರಡು ಸಲ ತಿರುಗಿದ ಮೇಲೆ ಎಷ್ಟೋ ಜನ ಕೈಬಿಡ್ತಾರೆ.

ಎರಡನೆಯದು ಬಸ್ಸು. ವಿಕಲಚೇತನರ ಪಾಸಿನಲ್ಲಿ ಮನೆಯಿಂದ 100 ಕಿ.ಮೀ. ತನಕ ಓಡಾಡಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಜೊತೆಗೆ ಹೋಗುವ ತಾಯಿಗೂ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಇಲ್ಲ. ಇದು ನಿಜವಾಗಿಯೂ ದೊಡ್ಡ ಅನುಕೂಲ. ಆದರೆ ಬೆಳಿಗ್ಗೆ ಬಿಟ್ಟು ಸಂಜೆ ಕರ್ಕೊಂಡು ಬರೋದು ಅಂದ್ರೆ ತಾಯಿ ದಿನಕ್ಕೆ ನಾಲ್ಕು ಸಲ ಬಸ್ ಹತ್ತಬೇಕು, ಇಲ್ಲಾ ಶಾಲೆ ಬಾಗಿಲಲ್ಲೇ ಸಂಜೆ ತನಕ ಕೂರಬೇಕು. ತೋಟದ ಕೆಲಸ, ಕೊಟ್ಟಿಗೆ ಕೆಲಸ ಯಾರು ನೋಡ್ತಾರೆ? ಹಾಗಾಗಿ ಶಾಲೆಗೆ ವ್ಯಾನ್ ಇದ್ಯೋ ಇಲ್ವೋ ಅನ್ನೋದರ ಮೇಲೆ ದಾಖಲಾತಿ ನಿಂತಿರ್ತದೆ. ಜೂನ್, ಜುಲೈನಲ್ಲಿ ಮಳೆ ಜೋರಾಗಿ ರಜೆ ಮೇಲೆ ರಜೆ ಬಂದ್ರೆ ಕಲಿತ ಅಭ್ಯಾಸವೂ ಮರೆತು ಹೋಗ್ತದೆ.

ಮೂರನೆಯದು ಹೆಸರು. ಒಂದು ಮಗುವಿಗೆ ಸ್ಯಾಟ್ಸ್‌ನಲ್ಲಿ ಒಂದೇ ಸಂಖ್ಯೆ, ಒಂದೇ ಶಾಲೆ. ಮಕ್ಕಳು ಕಡಿಮೆ ಇರುವ ಊರ ಶಾಲೆಗೆ ಒಂದೊಂದು ಹೆಸರೂ ದೊಡ್ಡದೇ. ಮನೆಯವರೂ ಟಿ.ಸಿ. ಕೇಳೋದಿಲ್ಲ, "ಹೆಸರಾದ್ರೂ ಇರ್ಲಿ" ಅಂತ ಬಿಡ್ತಾರೆ. ಆಗ ಸರ್ಕಾರದ ಲೆಕ್ಕದಲ್ಲಿ ಆ ಮಗು ಶಾಲೆಯಲ್ಲಿದೆ. ಅವನನ್ನು ಹುಡುಕಿಕೊಂಡು ಯಾರೂ ಬರೋದಿಲ್ಲ.

2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರು 13.24 ಲಕ್ಷ. ಆಗ ಕೇಳಿದ್ದು 8 ಬಗೆ ಮಾತ್ರ, ಆಟಿಸಂಗೆ ಬೇರೆ ಕಾಲಂ ಇರಲಿಲ್ಲ. ಶಾಲಾ ವಯಸ್ಸಿನ ವಿಕಲಚೇತನ ಮಕ್ಕಳ ಸಮೀಕ್ಷೆ ಐದು ವರ್ಷಕ್ಕೊಮ್ಮೆ ಆಗಬೇಕು ಅಂತ 2016ರ ಕಾಯ್ದೆಯ 17ನೇ ಸೆಕ್ಷನ್ ಹೇಳ್ತದೆ. ಎಷ್ಟು ಶಾಲೆ, ಎಷ್ಟು ಟೀಚರ್ ಬೇಕು ಅನ್ನೋದು ಆ ಲೆಕ್ಕದಿಂದ ಬರಬೇಕು. ಈಗಿರುವ ದಾಖಲಾತಿ ನೋಡಿ "ಬೇಡಿಕೆ ಇಲ್ಲ" ಅಂದ್ರೆ, ಬರೋಕೆ ಆಗದ ಮಕ್ಕಳನ್ನು ಇಲ್ಲದ ಮಕ್ಕಳು ಅಂದ ಹಾಗೆ.

ಮನೆಯವರು ಏನು ಮಾಡಬಹುದು?

ಮೊದಲು ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರು ಅಂತ ಕೇಳಿ. ಯುಡಿಐಡಿ ಅರ್ಜಿ, ಬಸ್ ಪಾಸು, ಮಾಸಾಶನಕ್ಕೆ ನೆರವಾಗೋದು ಅವರ ಕೆಲಸ. ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ.

ಮಗುವಿನ ಹೆಸರು ಊರ ಶಾಲೆಯಲ್ಲಿದ್ದರೆ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ, ಬಿ.ಐ.ಇ.ಆರ್.ಟಿ. ಶಿಕ್ಷಕರ ಪಟ್ಟಿಯಲ್ಲಿ ಮಗು ಇದೆಯಾ ಅಂತ ವಿಚಾರಿಸಿ. ಮನೆಗೆ ಬಂದು ಕಲಿಸಬೇಕು ಅಂದ್ರೆ ಗೃಹಾಧಾರಿತ ಶಿಕ್ಷಣಕ್ಕೆ ಲಿಖಿತವಾಗಿ ಕೊಡಿ. ಬಾಯಿಮಾತು ಲೆಕ್ಕಕ್ಕೆ ಬರೋದಿಲ್ಲ.

ವಿಶೇಷ ಶಾಲೆಗೆ ಸೇರಿಸೋ ಮುಂಚೆ ಮೂರು ಪ್ರಶ್ನೆ ಕೇಳಿ. ನೋಂದಾಯಿತ ವಿಶೇಷ ಶಿಕ್ಷಕರು ಎಷ್ಟು ಜನ? ನಮ್ಮ ಮಗುವಿನ ವೈಯಕ್ತಿಕ ಯೋಜನೆ ಬರೆದು ತೋರಿಸ್ತೀರಾ? ವ್ಯಾನ್ ಎಲ್ಲಿ ತನಕ ಬರ್ತದೆ? ಸೌಲಭ್ಯ ಸಿಗದಿದ್ದರೆ ಕಾರವಾರದ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿ, ಅಲ್ಲೂ ಆಗದಿದ್ದರೆ ಬೆಂಗಳೂರಿನ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕಿನ ಗ್ರಾಮ ಪಂಚಾಯತಿಗಳು ತಮ್ಮ ವ್ಯಾಪ್ತಿಯಲ್ಲಿ 6ರಿಂದ 18 ವರ್ಷದ ವಿಶೇಷ ಮಕ್ಕಳು ಎಷ್ಟು, ಅದರಲ್ಲಿ ದಿನಾ ಶಾಲೆಗೆ ಹೋಗುವವರು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಗ್ರಾಮಸಭೆಯಲ್ಲಿ ಇಟ್ಟರೂ ಸಾಕು. ಆ ಹಾಳೆ ಇದ್ದರೆ ವ್ಯಾನ್ ಕೇಳಬಹುದು, ಟೀಚರ್ ಹುದ್ದೆ ಕೇಳಬಹುದು. ಇಲ್ಲದಿದ್ದರೆ ಮುಂದಿನ ಜೂನ್‌ನಲ್ಲೂ ಅಕ್ಕ ಬ್ಯಾಗು ಹೊತ್ತು ಹೋಗ್ತಾಳೆ, ತಮ್ಮ ಅಂಗಳದಲ್ಲೇ ನಿಲ್ತಾನೆ.