ಡಿಲೀಟ್ ಮಾಡಿದ ಮಾತು ಎಲ್ಲಿಗೆ ಹೋಗುತ್ತದೆ?

ಸಿರುಗುಪ್ಪ ಬಸ್ ನಿಲ್ದಾಣದ ಹತ್ತಿರ ಒಗ್ಗರಣಿ–ಮಿರ್ಚಿ ತಿನ್ನುತ್ತಾ ನಿಂತಿದ್ದೆ. ಪಕ್ಕದ ಹುಡುಗನ ಬಲಗೈಯೆಲ್ಲ ಎಣ್ಣೆ. ಎಡಗೈ ಹೆಬ್ಬೆರಳಲ್ಲೇ ಯಾರೋ ನಟಿಯ ಫೋಟೊ ಕೆಳಗೆ ಏನೋ ಟೈಪ್ ಮಾಡಿ ಕಿಸಕ್ಕೆಂದ. ಗೆಳೆಯ ‘ಬ್ಯಾಡಲೇ’ ಎಂದ. ‘ಫೇಕ್ ಐಡಿ ಐತಿ ಬಿಡೋ, ಸಂಜಿಗೆ ಡಿಲೀಟ್ ಹೊಡೀತೀನಿ.’

ಒಂದು ಮಿರ್ಚಿ ಮುಗಿಯುವುದರೊಳಗೆ ಎರಡು ತಪ್ಪು ಕಲ್ಪನೆ.

ಡಿಲೀಟ್ ಮಾಡಿದರೆ ಮುಗಿಯಿತು ಎನ್ನುವವರು ಚೆನ್ನೈನ ನಟ, ಮಾಜಿ ಶಾಸಕ ಎಸ್‌.ವಿ. ಶೇಖರ್ ಅವರ ಕಥೆ ಕೇಳಬೇಕು. 2018ರ ಏಪ್ರಿಲ್‌ನಲ್ಲಿ ಅವರು ಪತ್ರಕರ್ತೆಯರನ್ನು ಹೀನಾಯವಾಗಿ ಜರಿದ ಬರಹವೊಂದನ್ನು ಫೇಸ್‌ಬುಕ್‌ನಲ್ಲಿ ಹಾಕಿದರು. ಬರೆದವರು ಅವರಲ್ಲ; ತಮಗೆ ಬಂದದ್ದನ್ನು ಮುಂದೆ ದಾಟಿಸಿದ್ದರು ಅಷ್ಟೇ. ಗಲಾಟೆಯಾಗುತ್ತಲೇ ಅಳಿಸಿದರು, ಕ್ಷಮೆಯನ್ನೂ ಕೇಳಿದರು. ಆದರೂ 2023ರಲ್ಲಿ ಪ್ರಕರಣ ರದ್ದುಪಡಿಸಲು ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ. ಫಾರ್ವರ್ಡ್ ಮಾಡಿದವನೂ ಹೊಣೆಗಾರನೇ ಎಂದಿತು. ಸುಪ್ರೀಂ ಕೋರ್ಟಿನಲ್ಲೂ ದಾರಿ ಸಿಗಲಿಲ್ಲ. 2024ರ ಫೆಬ್ರುವರಿಯಲ್ಲಿ ವಿಶೇಷ ನ್ಯಾಯಾಲಯ ಒಂದು ತಿಂಗಳ ಸಜೆ, 15,000 ರೂಪಾಯಿ ದಂಡ ವಿಧಿಸಿತು. ಗಂಟೆಗಳ ಲೆಕ್ಕದ ಪೋಸ್ಟಿಗೆ ಆರು ವರ್ಷದ ಕೋರ್ಟು ಅಲೆದಾಟ.

ಇನ್ನು ಫೇಕ್ ಐಡಿ. 2021ರ ಐಟಿ ನಿಯಮಗಳ ಪ್ರಕಾರ ಖಾತೆ ಮುಚ್ಚಿದ ಮೇಲೂ ನೋಂದಣಿಯ ವಿವರವನ್ನು ಕಂಪನಿ 180 ದಿನ ಇಟ್ಟುಕೊಂಡಿರಬೇಕು. ಹೆಸರು ಸುಳ್ಳಾದರೇನು, ಸಿಮ್ ಸುಳ್ಳಲ್ಲವಲ್ಲ. 2025ರ ಜುಲೈ ಕೊನೆಗೆ ನಟಿ ರಮ್ಯಾ ಅಶ್ಲೀಲ ಮೆಸೇಜುಗಳ ಬಗ್ಗೆ ಬೆಂಗಳೂರಿನಲ್ಲಿ ದೂರು ಕೊಟ್ಟರು. ಕೆಲವೇ ದಿನಗಳಲ್ಲಿ ಸಿಸಿಬಿ ಬಂಧನ ಶುರುಮಾಡಿತು.

‘66ಎ ಹೋಯ್ತಲ್ಲ ಸಾರ್, ಇನ್ನೇನು ಕೇಸು?’ ಎಂದು ಓದಿದವರೇ ಕೇಳುತ್ತಾರೆ. ಹೌದು, ಆನ್‌ಲೈನಿನಲ್ಲಿ ಮನನೋಯಿಸುವ ಮಾತಿಗೆ ಶಿಕ್ಷೆ ಕೊಡುತ್ತಿದ್ದ ಐಟಿ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು, ಒಳ್ಳೆಯದೇ ಆಯಿತು. ಆದರೆ ಅಶ್ಲೀಲಕ್ಕೆ ಐಟಿ ಕಾಯ್ದೆಯ 67 ಇದೆ, ಹೆಣ್ಣಿನ ಮಾನಕ್ಕೆ ಕೈಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 79 ಇದೆ. ಎರಡರಲ್ಲೂ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು. ಮಾನಹಾನಿಗೆ 356 ಬೇರೆ.

ಫೋನಿನ ಜಗಳ ಫೋನಿನಲ್ಲೇ ಇರುತ್ತದೆ ಎನ್ನುವುದನ್ನಂತೂ ಬಳ್ಳಾರಿಯವರು ನಂಬಬಾರದು. 2024ರ ಆಗಸ್ಟ್ ಕೊನೆಯಲ್ಲಿ ನಟ ದರ್ಶನ್ ಅವರನ್ನು ಇಲ್ಲಿನ ಕೇಂದ್ರ ಕಾರಾಗೃಹಕ್ಕೆ ತಂದಾಗ ಹೊರಗೆ ಅಭಿಮಾನಿಗಳ ನೂಕುನುಗ್ಗಲು. ಅವರ ಆಪ್ತೆಗೆ ಅಶ್ಲೀಲ ಮೆಸೇಜ್ ಕಳಿಸಿದ ಎಂದು ಚಿತ್ರದುರ್ಗದ ಯುವಕನೊಬ್ಬನನ್ನು ಕೊಂದರು ಎಂಬುದು ಪೊಲೀಸರ ಆರೋಪ. ಸತ್ತವನ ಹೆಂಡತಿ ಆಗ ಗರ್ಭಿಣಿ. ಕೊಳಕು ಮೆಸೇಜ್ ಅಪರಾಧ, ನಿಜ. ಅದಕ್ಕೆ ಪ್ರತಿ ಜಿಲ್ಲೆಯಲ್ಲೂ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆ ಇದೆ. ಬಳ್ಳಾರಿಯಲ್ಲೂ ಇದೆ.

ಕೋರ್ಟಿಗೆ ಹೋಗಿ ಎಲ್ಲಾ ಅಳಿಸಿಸಬಹುದು ಎನ್ನುವುದೂ ಅರ್ಧ ಸತ್ಯ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ತೀರ್ಪೊಂದರಲ್ಲಿದ್ದ ಹೆಣ್ಣುಮಗಳೊಬ್ಬಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ಮರೆಮಾಡಲು ಹೇಳಿತು. ಆದರೆ ತೀರ್ಪಿನ ದೃಢೀಕೃತ ಪ್ರತಿಯಲ್ಲಿ ಹೆಸರು ಉಳಿದೇ ಉಳಿಯಿತು. ಹೈಕೋರ್ಟು ಹೇಳಿದ ಮೇಲೂ ಇಷ್ಟೇ. ಇನ್ನು ಯಾರದೋ ಗ್ಯಾಲರಿಯಲ್ಲಿ ಕೂತ ಸ್ಕ್ರೀನ್‌ಶಾಟಿಗೆ ಯಾವ ಆದೇಶ ತಲುಪೀತು?

ಕುರುಗೋಡಿನ ನಮ್ಮ ಪರಿಚಯದವರ ಮಗಳು ಅಲ್ಲಿನ ದೊಡ್ಡಬಸವೇಶ್ವರನ ತೇರಿನ ದಿನ ಸೀರೆಯುಟ್ಟು ಫೋಟೊ ಹಾಕಿದ್ದಳು. ಅವಳ ಮೈಬಣ್ಣದ ಬಗ್ಗೆ ಯಾರೋ ಒಂದೇ ಪದ ಬರೆದ, ಸಂಜೆಗೆ ಅಳಿಸಿದ. ಆ ಪದ ಕಾಲೇಜಿನಲ್ಲಿ ಮೂರು ವರ್ಷ ಅವಳ ಅಡ್ಡಹೆಸರಾಯಿತು. ಬರೆದವನಿಗೆ ನೆನಪೂ ಇರಲಿಕ್ಕಿಲ್ಲ. ಅವಳ ವಾಟ್ಸಾಪ್ ಡಿಪಿಯಲ್ಲಿ ಇವತ್ತಿಗೂ ದೊಡ್ಡಬಸವೇಶ್ವರನ ಫೋಟೊ.